ನೋವು ಮರೆಸುವ ಕನ್ನಡಕ: ತಾಯಂದಿರು ತಿಳಿದಿರಬೇಕಾದ ಒಂದು ವಿಷಯ



ಬಳೆಗಾರನ ಮುಂದೆ ಕೈ ಚಾಚಿ ಕುಳಿತ ನೆನಪು ನಿಮಗೆಲ್ಲರಿಗೂ ಇದ್ದೇ ಇರುವುದು. ಗಾಜಿನ ಬಳೆ ಕೈಗೆ ಬಿಗಿಯಾಗಿ ಕೂರಬೇಕು, ಒಡೆಯಲೂ ಬಾರದು. ಹಾಗಾಗಬೇಕಾದರೆ ಅಂಗೈಯನ್ನು ಹಿಂಡಿ ಕಿರಿದು ಮಾಡದೆ ವಿಧಿಯಿಲ್ಲ. ಸರಿಯಾಗಿ ಆ ಹೊತ್ತಿಗೆ ಬಳೆಗಾರನು, "ತವರು ಯಾವೂರವ್ವ? ಈ ಸಲ ಅಲ್ಲಿ ಮಳೆ ಹೇಗೆ?" ಎಂದು ಕೇಳುತ್ತಾನೆ. ನೀವು ತವರಿನ ಕಡೆ ಮನಸ್ಸು ತಿರುಗಿಸಿ ಉತ್ತರ ಹೇಳುವಷ್ಟರಲ್ಲಿ ಬಳೆ ಹೆಬ್ಬೆರಳ ಗೆಣ್ಣು ದಾಟಿ ಮುಂಗೈಗೆ ಬಂದಿರುತ್ತದೆ. ಅವನು ಬಾಯಿ ಚಪಲಕ್ಕೆ ಕೇಳಿದ್ದಲ್ಲ. ಆ ಮಾತು ಅವನ ಕಸುಬಿನ ಒಂದು ಭಾಗ.

ಆರೋಗ್ಯದ ಪುಟದಲ್ಲಿ ಬಳೆಯ ಮಾತೇಕೆ ಎಂದು ಕೇಳುವಿರಾ? ಕಾರಣವುಂಟು. ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳ ಕೆಲವು ಆಸ್ಪತ್ರೆಗಳಲ್ಲಿ ಹೆಂಗಸರ ಗರ್ಭಕೋಶದ ಪರೀಕ್ಷೆ ನಡೆಯುವಾಗ ಅವರ ಕಣ್ಣಿಗೆ ಒಂದು ದಪ್ಪನೆಯ ಕನ್ನಡಕ ಕಟ್ಟಿ ನೋಡಿದ್ದಾರೆ. ಅದನ್ನು ವರ್ಚುಯಲ್ ರಿಯಾಲಿಟಿ ಕನ್ನಡಕ ಎನ್ನುತ್ತಾರೆ. ಪಟ್ಟಣದಲ್ಲಿ ಹುಡುಗರು ಆಟ ಆಡುವುದಕ್ಕೆ ಹಾಕಿಕೊಳ್ಳುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಬಳೆಗಾರನು ಮಾತಿನಿಂದ ಮಾಡುವ ಕೆಲಸವನ್ನೇ ಈ ಕನ್ನಡಕವು ಚಿತ್ರದಿಂದಲೂ ಧ್ವನಿಯಿಂದಲೂ ಮಾಡಲು ಹೊರಟಿದೆ. ಅದು ಹೇಗೆ, ಎಷ್ಟರಮಟ್ಟಿಗೆ ಫಲಕಾರಿ, ಅದು ಇಲ್ಲದ ನಮ್ಮ ಊರುಗಳಲ್ಲಿ ಅದರಿಂದ ಕಲಿಯತಕ್ಕದ್ದೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೊದಲು ಈ ಪರೀಕ್ಷೆಗಳು ಯಾವುವೆಂದು ತಿಳಿಯಬೇಕು. ಹೊರರೋಗಿ ವಿಭಾಗದಲ್ಲಿ, ಎಂದರೆ ಬೆಳಿಗ್ಗೆ ಬಂದು ಸಂಜೆಯೊಳಗೆ ಮನೆಗೆ ಹೋಗುವಂತೆ, ಪ್ರಜ್ಞೆ ತಪ್ಪಿಸದೆ ಮಾಡುವ ಕೆಲಸಗಳು ಹಲವಿವೆ. ವಂಕಿ ಅಥವಾ ಕಾಪರ್-ಟಿ ಇಡುವುದು ಅವುಗಳಲ್ಲೊಂದು. ಗರ್ಭಕೋಶದ ಬಾಯಿಗೆ ವಿನೆಗರಿನಂತಹ ದ್ರಾವಣ ಸವರಿ ಒಂದು ನಿಮಿಷ ಕಾದು, ಬಿಳಿ ಮಚ್ಚೆ ಕಾಣುವುದೇ ಎಂದು ನೋಡುವುದು ಇನ್ನೊಂದು. ಮಚ್ಚೆ ಕಂಡರೆ ಅಲ್ಲಿಂದ ಸಾಸಿವೆಯಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸುವುದುಂಟು. ಸಣ್ಣ ಕೊಳವೆಯಿಂದ ಗರ್ಭಕೋಶದ ಒಳಪದರದ ಅಂಶವನ್ನು ಹೀರಿ ತೆಗೆಯುವುದೂ ಉಂಟು. ಇವೆಲ್ಲಕ್ಕಿಂತ ಮುಂದುವರಿದದ್ದು ಹಿಸ್ಟರೋಸ್ಕೋಪಿ. ಪೆನ್ಸಿಲಿಗಿಂತಲೂ ಸಣ್ಣಗಿರುವ ಒಂದು ದುರ್ಬೀನನ್ನು ಗರ್ಭಕೋಶದ ಒಳಗೆ ಕಳುಹಿಸಿ, ಒಳಗಿನದನ್ನು ಪರದೆಯ ಮೇಲೆ ನೋಡುವ ವಿಧಾನ ಅದು. ಖಾಲಿ ಚೀಲದ ಎರಡು ಮಗ್ಗುಲು ಒಂದಕ್ಕೊಂದು ಅಂಟಿಕೊಂಡಿರುವಂತೆ ಗರ್ಭಕೋಶದ ಗೋಡೆಗಳು ಕೂಡಿಕೊಂಡಿರುತ್ತವೆ. ಅವು ಅಗಲವಾಗಲೆಂದು ಉಪ್ಪುನೀರನ್ನು ಒಳಗೆ ಹಾಯಿಸುತ್ತಾರೆ. ಮುಟ್ಟು ವಿಪರೀತ ಹೋಗುವವರಿಗೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡವರಿಗೆ, ವಂಕಿಯ ದಾರ ಕೈಗೆ ಸಿಕ್ಕದವರಿಗೆ ಈ ಪರೀಕ್ಷೆ ಬೇಕಾಗುತ್ತದೆ.

ಪ್ರಜ್ಞೆ ತಪ್ಪಿಸದೆ ಮಾಡುವುದರಿಂದ ಅನುಕೂಲವಿಲ್ಲದೆ ಇಲ್ಲ. ಪೂರ್ಣ ಅರಿವಳಿಕೆಗೆ ಆಪರೇಷನ್ ಕೊಠಡಿ ಬೇಕು, ಅರಿವಳಿಕೆ ತಜ್ಞರು ಬೇಕು, ಉಪವಾಸವಿರಬೇಕು, ಅದಕ್ಕೆ ಅದರದೇ ಆದ ಅಪಾಯಗಳೂ ಇವೆ. ಹತ್ತು ಹದಿನೈದು ನಿಮಿಷದ ಕೆಲಸಕ್ಕೆ ಅಷ್ಟೆಲ್ಲ ಏಕೆ ಎಂಬುದು ನ್ಯಾಯವಾದ ಮಾತೇ. ಆದರೆ ಈ ಹತ್ತು ನಿಮಿಷ ಎಲ್ಲರಿಗೂ ಒಂದೇ ಬಗೆಯಲ್ಲ. ಒಬ್ಬಳಿಗೆ ಮುಟ್ಟಿನ ಹೊಟ್ಟೆನೋವಿನಷ್ಟು ನೋವಾದರೆ ಇನ್ನೊಬ್ಬಳಿಗೆ ಪ್ರಾಣ ಹೋದಂತಾಗುತ್ತದೆ. ಸಹಜ ಹೆರಿಗೆ ಆಗದವರಿಗೆ, ಮುಟ್ಟು ನಿಂತವರಿಗೆ ಗರ್ಭಕೋಶದ ಬಾಯಿ ಬಿಗಿಯಾಗಿರುವುದರಿಂದ ನೋವು ಹೆಚ್ಚು. ಕೆಲವರಿಗೆ ಅಲ್ಲಿ ಮುಟ್ಟಿದೊಡನೆ ನಾಡಿ ನಿಧಾನವಾಗಿ, ಬೆವರು ಒಡೆದು, ಕಣ್ಣು ಕತ್ತಲೆ ಬರುತ್ತದೆ. ಇದು ನಟನೆಯಲ್ಲ, ಹೆದರುಪುಕ್ಕಲುತನವೂ ಅಲ್ಲ. ದೇಹದ ನರಗಳ ಗುಣವೇ ಅಂಥದ್ದು.

ಇಲ್ಲಿ ಒಬ್ಬ ತಾಯಿಯ ವಿಷಯ ಹೇಳಬೇಕು. ನಮ್ಮ ಭಾಗದವರೇ. ಹೆಸರು ಬೇಡ. ವಯಸ್ಸು ಐವತ್ತೇಳು, ಮನೆಯಲ್ಲಿ ರೇಷ್ಮೆ ಸಾಕಣೆ. ಮುಟ್ಟು ನಿಂತು ಆರು ವರ್ಷವಾದ ಮೇಲೆ ಒಂದು ದಿನ ಸೀರೆಗೆ ರಕ್ತದ ಕಲೆ ಕಂಡಿತು. ಸೊಸೆ ಬುದ್ಧಿವಂತೆ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಒಳಪದರದ ಅಂಶ ತೆಗೆಯಲು ಮಲಗಿಸಿದರು. ಏನು ಮಾಡುತ್ತೇವೆಂದು ಯಾರೂ ಹೇಳಲಿಲ್ಲ. ಸೊಸೆಯನ್ನು ಹೊರಗೆ ನಿಲ್ಲಿಸಿದರು. ನೋವಿಗೆ ಈ ತಾಯಿ ಕೂಗಿಕೊಂಡಾಗ, "ಮೂರು ಮಕ್ಕಳನ್ನು ಹೆತ್ತವಳು ಇಷ್ಟಕ್ಕೆ ಕೂಗುತ್ತೀಯಾ?" ಎಂಬ ಮಾತು ಬಂತು. ತೆಗೆದ ಅಂಶ ಪರೀಕ್ಷೆಗೆ ಸಾಲದಾಯಿತು. ಇನ್ನೊಮ್ಮೆ ಬರಬೇಕೆಂದು ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ಅವರು ದೇವರ ಗೂಡಿನ ಹಿಂದೆ ಸಿಕ್ಕಿಸಿದರು. ಎಂಟು ತಿಂಗಳು ಅದು ಅಲ್ಲಿಯೇ ಇತ್ತು. ರಕ್ತ ಆಗಾಗ ಕಾಣುತ್ತಲೇ ಇತ್ತು. ಸೊಸೆ ಕೇಳಿದರೆ, "ನಿಂತುಹೋಯಿತಮ್ಮ" ಎಂದುಬಿಡುತ್ತಿದ್ದರು.

ಮುಟ್ಟು ನಿಂತ ಮೇಲೆ ರಕ್ತ ಕಂಡ ನೂರು ಮಂದಿಯಲ್ಲಿ ಸುಮಾರು ಐದರಿಂದ ಹತ್ತು ಮಂದಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಉಳಿದವರದು ಸಣ್ಣ ಕಾರಣ. ಯಾರು ಆ ಐದು ಹತ್ತರಲ್ಲಿ ಸೇರಿದವರು ಎಂಬುದು ಪರೀಕ್ಷೆಯಿಲ್ಲದೆ ತಿಳಿಯುವುದಿಲ್ಲ. ಆದುದರಿಂದ ನೋವಿನ ವಿಷಯ ಬರೀ ಸುಖದ ವಿಷಯವಲ್ಲ. ಒಮ್ಮೆ ನೊಂದವಳು ಎರಡನೆಯ ಸಲ ಬಾಗಿಲು ತುಳಿಯುವುದಿಲ್ಲ. ಅವಳ ಕಥೆ ಕೇಳಿದ ನೆರೆಮನೆಯವಳು ಮೊದಲನೆಯ ಸಲವೂ ಹೋಗುವುದಿಲ್ಲ.

ಈಗ ನೋವೆಂದರೇನು ಎಂಬುದಕ್ಕೆ ಬರೋಣ. ಮುಳ್ಳು ಚುಚ್ಚಿದ ಜಾಗದಲ್ಲಿ ನೋವಿದೆ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಅಲ್ಲಿಂದ ಹೊರಡುವುದು ಒಂದು ಸುದ್ದಿ ಮಾತ್ರ. ಅದು ನರದ ಮೂಲಕ ಬೆನ್ನುಹುರಿಗೆ ಬಂದು, ಅಲ್ಲಿಂದ ಮಿದುಳಿಗೆ ಹೋದ ಮೇಲೆಯೇ ನೋವೆನಿಸುವುದು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ಈ ಸುದ್ದಿಗೆ ಒಂದು ಬಾಗಿಲು ಇದೆಯೆಂದು ಹೇಳಿದರು. ಕೆರೆಯ ತೂಬಿನಂತೆ ಅದು ಹೆಚ್ಚು ತೆರೆಯಬಹುದು, ಕಡಿಮೆ ತೆರೆಯಬಹುದು. ಮಿದುಳಿನಿಂದ ಕೆಳಕ್ಕೆ ಬರುವ ಅಪ್ಪಣೆಯೂ ಆ ತೂಬನ್ನು ಏರಿಸಿ ಇಳಿಸಬಲ್ಲುದು. ಅವರ ಸಿದ್ಧಾಂತದ ಕೆಲವು ವಿವರಗಳನ್ನು ಅನಂತರದವರು ತಿದ್ದಿದ್ದಾರೆ. ಆದರೆ ಮನಸ್ಸಿನ ಗಮನ, ಭಯ, ಧೈರ್ಯ ಇವು ನೋವನ್ನು ಹೆಚ್ಚು ಕಡಿಮೆ ಮಾಡುತ್ತವೆ ಎಂಬ ಮುಖ್ಯ ಮಾತು ನಿಂತಿದೆ.

ಇದಕ್ಕೂ ಮುಂಚೆ, ಎರಡನೆಯ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯರು ಒಂದು ವಿಚಿತ್ರ ಕಂಡಿದ್ದರು. ಭಾರಿ ಗಾಯವಾದ ಸೈನಿಕರನ್ನು, "ನೋವಿಗೆ ಔಷಧ ಬೇಕೇ?" ಎಂದು ಕೇಳಿದರೆ ನಾಲ್ಕರಲ್ಲಿ ಮೂರು ಪಾಲು ಮಂದಿ ಬೇಡವೆಂದರಂತೆ. ಇದನ್ನು ಅವರು 1946ರಲ್ಲಿ ಪ್ರಕಟಿಸಿದರು. ಯುದ್ಧ ಮುಗಿದ ಮೇಲೆ, ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದವರನ್ನು ಕೇಳಿದಾಗ ಹೆಚ್ಚಿನವರು ಔಷಧ ಬೇಕೆಂದರು. ಸೈನಿಕನಿಗೆ ಆ ಗಾಯವೆಂದರೆ ರಣರಂಗದಿಂದ ಬಿಡುಗಡೆ, ಜೀವಸಹಿತ ಮನೆಗೆ ಹೋಗುವ ಟಿಕೆಟು. ಊರಿನವನಿಗೆ ಅದು ಬದುಕಿಗೆ ಬಂದ ಗಂಡಾಂತರ. ಇದನ್ನು ನಮ್ಮ ತಾಯಿಗೆ ಹೊಂದಿಸಿ ನೋಡಿ. ಕಾಲು ಮೇಲೆತ್ತಿ ಮಲಗಿದ್ದಾಳೆ, ಮೈಮೇಲೆ ಬಟ್ಟೆ ಸರಿಯಿಲ್ಲ, ಬಾಗಿಲು ಯಾರು ತೆರೆಯುವರೋ ಎಂಬ ನಾಚಿಕೆ, ಕ್ಯಾನ್ಸರ್ ಎಂದುಬಿಟ್ಟರೆ ಗತಿಯೇನೆಂಬ ಭಯ, ಮುಂದೇನು ಮಾಡುವರೋ ಗೊತ್ತಿಲ್ಲ. ತೂಬು ಪೂರ್ತಿ ತೆರೆಯುವುದಕ್ಕೆ ಇನ್ನೇನು ಬೇಕು?

ಕನ್ನಡಕದ ಕಥೆ ಹೆಂಗಸರ ಪರೀಕ್ಷೆಯಿಂದ ಶುರುವಾದದ್ದಲ್ಲ; ಸುಟ್ಟ ಗಾಯದಿಂದ ಶುರುವಾಯಿತು. ಅಮೆರಿಕದ ಸಿಯಾಟಲ್ ನಗರದಲ್ಲಿ ಸುಟ್ಟ ಗಾಯದವರಿಗೆಂದೇ ಒಂದು ದೊಡ್ಡ ಚಿಕಿತ್ಸಾ ಕೇಂದ್ರವುಂಟು. ಸುಟ್ಟ ಚರ್ಮದ ಮೇಲಿನ ಬಟ್ಟೆಯನ್ನು ದಿನದಿನವೂ ಬಿಚ್ಚಿ ತೊಳೆಯಬೇಕು. ಬಲವಾದ ಔಷಧ ಕೊಟ್ಟರೂ ಆ ನೋವು ತಡೆಯಲಾಗದು. 1990ರ ದಶಕದಲ್ಲಿ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿ ಈ ಕನ್ನಡಕವನ್ನು ಪ್ರಯೋಗಿಸಿದರು. 2000ದಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಇಬ್ಬರು ಹದಿಹರೆಯದ ಹುಡುಗರ ವಿಷಯವಿದೆ. ಸಾಧಾರಣ ವಿಡಿಯೋ ಆಟ ಆಡುತ್ತಿದ್ದಾಗಿಗಿಂತ ಕನ್ನಡಕ ಹಾಕಿದ್ದಾಗ ಅವರಿಗೆ ನೋವು ಬಹಳ ಕಡಿಮೆಯಾಗಿತ್ತು. ಅನಂತರ ಸುಟ್ಟವರಿಗಾಗಿಯೇ 'ಸ್ನೋವರ್ಲ್ಡ್' ಎಂಬ ಹಿಮದ ಲೋಕವನ್ನು ತಯಾರಿಸಿದರು. ಹಿಮದ ಕಣಿವೆಯಲ್ಲಿ ತೇಲಿ ಹೋಗುತ್ತ, ಪೆಂಗ್ವಿನ್ ಹಕ್ಕಿಗಳ ಮೇಲೂ ಹಿಮದ ಬೊಂಬೆಗಳ ಮೇಲೂ ಹಿಮದ ಉಂಡೆ ಎಸೆಯುವುದು. ಬೆಂಕಿಯನ್ನು ನೆನೆದು ನಡುಗುವವನಿಗೆ ತಂಪಿನ ಲೋಕ. ಇದರ ಔಚಿತ್ಯವನ್ನು ಮೆಚ್ಚಲೇಬೇಕು. 2004ರಲ್ಲಿ ಅವರು ಮಿದುಳಿನ ಒಳಗಿನ ಚಟುವಟಿಕೆಯನ್ನು ತೋರಿಸುವ ಯಂತ್ರದಿಂದ ಪರೀಕ್ಷಿಸಿದಾಗ, ಕನ್ನಡಕದ ಲೋಕದಲ್ಲಿದ್ದವರ ಮಿದುಳಿನಲ್ಲಿ ನೋವಿಗೆ ಸಂಬಂಧಪಟ್ಟ ಭಾಗಗಳ ಕೆಲಸವೇ ತಗ್ಗಿತ್ತು. ಎಂದರೆ ನೋವು ಕಡಿಮೆ ಎಂದು ಅವರು ಬಾಯಿಮಾತಿಗೆ ಹೇಳಿದ್ದಲ್ಲ.

ಕನ್ನಡಕದ ಒಳಗೆ ಮಂತ್ರವೇನೂ ಇಲ್ಲ. ಎರಡು ಕಣ್ಣಿಗೆ ಎರಡು ಮಸೂರ. ಒಂದೊಂದು ಕಣ್ಣಿಗೂ ಸ್ವಲ್ಪ ಬೇರೆಯಾದ ಚಿತ್ರ. ನಮ್ಮ ಎರಡು ಕಣ್ಣುಗಳೂ ಲೋಕವನ್ನು ಹಾಗೆಯೇ ನೋಡುವುದರಿಂದ ಮಿದುಳು ಆ ಚಿತ್ರವನ್ನು ಆಳ ಅಗಲವುಳ್ಳ ನಿಜವಾದ ಜಾಗವೆಂದು ಎಣಿಸುತ್ತದೆ. ತಲೆ ತಿರುಗಿಸಿದರೆ ಚಿತ್ರವೂ ತಿರುಗುತ್ತದೆ. ಮೇಲೆ ನೋಡಿದರೆ ಆಕಾಶ, ಕೆಳಗೆ ನೋಡಿದರೆ ಹುಲ್ಲು. ಕಿವಿಗೆ ಹಕ್ಕಿಯ ದನಿ, ನೀರಿನ ಸದ್ದು. ಕೊಠಡಿಯ ದೀಪ, ತಟ್ಟೆಯಲ್ಲಿಟ್ಟ ಇಕ್ಕಳ, ಬಟ್ಟೆ ಮುಚ್ಚಿದ ಮುಖಗಳು ಒಂದೂ ಕಾಣುವುದಿಲ್ಲ. ಮನಸ್ಸಿನ ಗಮನವೆಂಬುದು ಒಂದು ಅಳತೆಯ ಸರಕು. ಒಂದು ಕಡೆ ಖರ್ಚಾದರೆ ಇನ್ನೊಂದು ಕಡೆಗೆ ಉಳಿಯುವುದು ಕಡಿಮೆ. ಸಿನಿಮಾ ನೋಡುವಾಗಲೂ ಹೀಗೆ ಆಗುವುದಲ್ಲವೇ ಎಂದರೆ, ಆಗುವುದು. ಆದರೆ ಸಿನಿಮಾದ ಪರದೆಯಿಂದ ಕಣ್ಣು ತೆಗೆಯಬಹುದು. ಇಲ್ಲಿ ಕಣ್ಣು ಎಲ್ಲಿ ಹೊರಳಿದರೂ ಅದೇ ಲೋಕ.

ಹೆಂಗಸರ ಪರೀಕ್ಷೆಯಲ್ಲಿ ಇದರ ಫಲವೇನು? ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಯೋಗದ ವರದಿ 2021ರಲ್ಲಿ ಅಲ್ಲಿಯ ಸ್ತ್ರೀರೋಗ ವೈದ್ಯರ ಪತ್ರಿಕೆಯಲ್ಲಿ ಬಂತು. ಹೊರರೋಗಿ ವಿಭಾಗದಲ್ಲಿ ಹಿಸ್ಟರೋಸ್ಕೋಪಿಗೆ ಬಂದ 40 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದಕ್ಕೆ ಅದರ ಜೊತೆಗೆ ಕನ್ನಡಕ. ಮುಗಿದ ಮೇಲೆ, "ನೋವು ಹತ್ತಕ್ಕೆ ಎಷ್ಟು?" ಎಂದು ಕೇಳಿದರು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾಗದ ನೋವು. ಕನ್ನಡಕವಿಲ್ಲದವರ ಸರಾಸರಿ 6.0 ಬಂತು, ಕನ್ನಡಕ ಹಾಕಿದವರದು 3.7. ಆತಂಕವೂ ಇದೇ ರೀತಿ ಇಳಿದಿತ್ತು.

ಇದನ್ನು ಓದಿ ಹಿಗ್ಗುವುದಕ್ಕೆ ಮುಂಚೆ ಸ್ವಲ್ಪ ತಡೆಯಿರಿ. ನಲವತ್ತು ಮಂದಿ ಬಹಳ ಚಿಕ್ಕ ಲೆಕ್ಕ. ಒಂದು ಹೊಲದಲ್ಲಿ ಒಂದು ವರ್ಷ ಚೆನ್ನಾಗಿ ಬಂದ ಬೀಜವನ್ನು ಊರಿಗೆಲ್ಲ ಹಂಚುವುದಿಲ್ಲವಷ್ಟೆ. ಬೇರೆ ದೇಶಗಳಲ್ಲಿ ಇದೇ ಪರೀಕ್ಷೆಗೂ ವಂಕಿ ಇಡುವಾಗಲೂ ನಡೆಸಿದ ಪ್ರಯೋಗಗಳಲ್ಲಿ ಕೆಲವು, ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು ವರದಿ ಮಾಡಿವೆ. ಕನ್ನಡಕ ಹಾಕಿದ್ದು ತಿಳಿದೇ ಇರುವುದರಿಂದ, 'ಇದರಿಂದ ಒಳ್ಳೆಯದಾಗುವುದು' ಎಂಬ ನಂಬಿಕೆಯೂ ಅಂಕಿಯೊಳಗೆ ಸೇರಿಕೊಳ್ಳುತ್ತದೆ. ಬೆನ್ನುನೋವಿನ ವಿಷಯದಲ್ಲಿ ಅಮೆರಿಕದ ಔಷಧ ಇಲಾಖೆ 2021ರಲ್ಲಿ ಇಂಥ ಒಂದು ಸಾಧನಕ್ಕೆ ಅನುಮತಿ ಕೊಟ್ಟಿತು, ನಿಜ. ಆದರೆ ದಿನವೂ ಕಾಡುವ ಬೆನ್ನುನೋವು ಬೇರೆ, ಗರ್ಭಕೋಶದ ಬಾಯಿಯನ್ನು ಹಿಡಿದಾಗ ಛಟ್ಟನೆ ಬರುವ ನೋವು ಬೇರೆ. ನನ್ನ ಅಭಿಪ್ರಾಯ ಕೇಳಿದರೆ, ಕನ್ನಡಕವು ಭಯವನ್ನು ತಗ್ಗಿಸುವುದರಲ್ಲಿ ಬಲವಾದದ್ದು. ಭಯ ತಗ್ಗಿದಷ್ಟು ನೋವೂ ತಗ್ಗುವುದು. ಅದಕ್ಕಿಂತ ಹೆಚ್ಚನ್ನು ಅದರಿಂದ ನಿರೀಕ್ಷಿಸಬಾರದು. ಗರ್ಭಕೋಶ ಹಿಂಡುವುದನ್ನು ಅದು ನಿಲ್ಲಿಸಲಾರದು. ಅದಕ್ಕೆ ಔಷಧವೇ ಬೇಕು.

ನಗರದಲ್ಲಿರುವ ಮಗಳೋ ಸೊಸೆಯೋ ಇಂಥ ಕನ್ನಡಕವನ್ನು ಹಾಕಿಸಿಕೊಳ್ಳುವ ಸಂದರ್ಭ ಬಂದರೆ ಕೆಲವು ಮಾತು ಗೊತ್ತಿರಲಿ. ಮೂರ್ಛೆರೋಗ ಇರುವವರು, ತಲೆಸುತ್ತಿನ ಕಾಯಿಲೆ ಇರುವವರು ಮೊದಲೇ ಹೇಳಬೇಕು. ಬಸ್ಸಿನಲ್ಲಿ ವಾಂತಿಯಾಗುವವರಿಗೆ ಇದರಲ್ಲಿಯೂ ಹೊಟ್ಟೆ ತೊಳಸಬಹುದು. ಅಂಥವರಿಗೆ ಓಡುವ ಹಾರುವ ಚಿತ್ರ ಬೇಡ, ನಿಂತ ನೀರು, ಕಾಡು ಇಂಥದು ಸಾಕು. ಒಬ್ಬರಿಂದೊಬ್ಬರಿಗೆ ಬಳಸುವ ವಸ್ತುವಾದ್ದರಿಂದ ಪ್ರತಿ ಸಲವೂ ಒರೆಸಿ ಹೊಸ ಹೊದಿಕೆ ಹಾಕಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಕಣ್ಣು ಕಿವಿ ಮುಚ್ಚಿರುವಾಗ "ನಿಲ್ಲಿಸಿ" ಎಂದು ಹೇಳುವ ದಾರಿ. ಬಲಗೈ ಎತ್ತಿದರೆ ಕೆಲಸ ನಿಲ್ಲಬೇಕು ಎಂದು ಮೊದಲೇ ಮಾತಾಗಿರಬೇಕು. ಕೆಲವರಿಗೆ ಇದು ಒಗ್ಗುವುದೇ ಇಲ್ಲ. ತನ್ನ ಮೈಗೆ ಏನು ಮಾಡುತ್ತಾರೆಂದು ನೋಡುತ್ತಿದ್ದರೇ ಅಂಥವರಿಗೆ ಧೈರ್ಯ. ಅವರಿಗೆ ಹಿಸ್ಟರೋಸ್ಕೋಪಿಯ ಪರದೆಯನ್ನೇ ತಿರುಗಿಸಿ ತೋರಿಸಬಹುದು. ಬೇಡವೆಂದವಳಿಗೆ ಬಲವಂತವಾಗಿ ಕನ್ನಡಕ ಕಟ್ಟಿದರೆ ಅದು ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆಯೇ.

ನಮ್ಮ ಭಾಗದ ಆರೋಗ್ಯ ಕೇಂದ್ರಗಳಲ್ಲಿ ಈ ಕನ್ನಡಕವಿಲ್ಲ. ಇಲ್ಲವೆಂದು ಕೊರಗಬೇಕಾಗಿಯೂ ಇಲ್ಲ. ಕನ್ನಡಕಕ್ಕೆ ಮುಂಚೆ ಕೇಳಿ ಪಡೆಯಬೇಕಾದುವು ಬೇರೆ ಇವೆ.

ಇಂಗ್ಲೆಂಡಿನಲ್ಲಿಯೂ ಇವು ತಾವಾಗಿ ಬರಲಿಲ್ಲ. ಹಿಸ್ಟರೋಸ್ಕೋಪಿಯಲ್ಲಿ ನೊಂದ ಹೆಂಗಸರು ತಮ್ಮ ಅನುಭವ ಬರೆದು ಕಳಿಸಿದರು. ಲಿನ್ ಬ್ರೌನ್ ಎಂಬ ಸದಸ್ಯೆ 2013 ಮೊದಲ್ಗೊಂಡು ಹಲವು ಸಲ ಅವನ್ನು ಪಾರ್ಲಿಮೆಂಟಿನಲ್ಲಿ ಓದಿ ಹೇಳಿದರು. ಅಲ್ಲಿಯ ಸ್ತ್ರೀರೋಗ ವೈದ್ಯರ ರಾಯಲ್ ಕಾಲೇಜು 2023ರಲ್ಲಿ ತನ್ನ ವೈದ್ಯರಿಗೆ ಸೂಚನೆ ಕೊಟ್ಟಿತು: ನೋವಾಗಬಹುದೆಂದು ಮೊದಲೇ ತಿಳಿಸಬೇಕು, ಅರಿವಳಿಕೆಯೂ ಸೇರಿ ಯಾವ ಯಾವ ದಾರಿಗಳಿವೆಯೆಂದು ಹೇಳಬೇಕು, ಹೆಂಗಸು ನಿಲ್ಲಿಸೆಂದರೆ ನಿಲ್ಲಿಸಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವೂ 2024ರಲ್ಲಿ, ವಂಕಿ ಇಡುವ ಮುಂಚೆ ನೋವಿನ ವಿಷಯ ಮಾತಾಡಬೇಕೆಂದೂ, ಗರ್ಭಕೋಶದ ಬಾಯಿಯ ಸುತ್ತ ಲಿಡೋಕೇನ್ ಎಂಬ ಮರಗಟ್ಟಿಸುವ ಔಷಧ ಉಪಯೋಗಕ್ಕೆ ಬರಬಹುದೆಂದೂ ಹೇಳಿತು. ಲಿಡೋಕೇನ್ ಹೊಸ ವಸ್ತುವಲ್ಲ. ಹಲ್ಲು ಕೀಳಿಸುವಾಗ ದವಡೆಗೆ ಚುಚ್ಚುವ ಔಷಧ ಅದೇ ಜಾತಿಯದು. ಹಲ್ಲಿಗೆ ಸಲ್ಲುವ ಮರ್ಯಾದೆ ಗರ್ಭಕೋಶಕ್ಕೂ ಸಲ್ಲಬೇಡವೇ!

ನೀವು ಪರೀಕ್ಷೆಗೆ ಹೋಗುವ ದಿನಕ್ಕೆ ಮುಂಚೆ ಡಾಕ್ಟರರನ್ನೋ ನರ್ಸಮ್ಮನನ್ನೋ ಸಂಕೋಚವಿಲ್ಲದೆ ಕೇಳಿರಿ: "ಏನು ಮಾಡುತ್ತೀರಿ? ಎಷ್ಟು ಹೊತ್ತು? ನೋವಿಗೆ ಮಾತ್ರೆ ಮೊದಲೇ ನುಂಗಬಹುದೇ? ಮರಗಟ್ಟಿಸುವ ಚುಚ್ಚುಮದ್ದು ಕೊಡಲಾಗುವುದೇ? ತಡೆಯಲಾಗದಿದ್ದರೆ ಅರಿವಳಿಕೆ ಕೊಟ್ಟು ಇನ್ನೊಂದು ದಿನ ಮಾಡುತ್ತೀರಾ?" ಐಬುಪ್ರೊಫೇನ್‌ನಂತಹ ಮಾತ್ರೆಯನ್ನು ಪರೀಕ್ಷೆಗೆ ಒಂದು ಗಂಟೆ ಮುಂಚೆ ನುಂಗಿದರೆ ಆ ಹೊತ್ತಿಗೆ ಅದರ ಶಕ್ತಿ ಬಂದಿರುತ್ತದೆ, ಮಲಗಿಸಿದ ಮೇಲೆ ನುಂಗಿ ಪ್ರಯೋಜನವಿಲ್ಲ. ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ದಮ್ಮು ಇರುವವರಿಗೆ ಈ ಮಾತ್ರೆ ಆಗಿಬರುವುದಿಲ್ಲ. ಅಂಗಡಿಯಲ್ಲಿ ಕೊಂಡು ನುಂಗದೆ ಡಾಕ್ಟರರನ್ನು ಕೇಳಿಯೇ ತೆಗೆದುಕೊಳ್ಳಿ. ಬೆಳಿಗ್ಗೆ ಏನಾದರೂ ತಿಂದು ಬರಬಹುದೇ ಎಂಬುದನ್ನೂ ಕೇಳಿ. ಅರಿವಳಿಕೆ ಇಲ್ಲದ ಪರೀಕ್ಷೆಗೆ ಬರೀ ಹೊಟ್ಟೆಯಲ್ಲಿ ಬಂದು ತಲೆಸುತ್ತಿ ಬೀಳುವವರೇ ಹೆಚ್ಚು.

ಜೊತೆಗೆ ಒಬ್ಬರು ಒಳಗೆ ಇರಲು ಬಿಡುವಿರಾ ಎಂದೂ ಕೇಳಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ಹೊತ್ತಿಗೆ ಮನೆಯ ಒಬ್ಬ ಹೆಂಗಸು ಜೊತೆಯಲ್ಲಿರಬಹುದೆಂದು ಭಾರತ ಸರ್ಕಾರ 2016ರಲ್ಲಿಯೇ ಒಪ್ಪಿದೆ. ಹೆರಿಗೆಗೆ ಒಪ್ಪಿದ ಮಾತನ್ನು ಹತ್ತು ನಿಮಿಷದ ಪರೀಕ್ಷೆಗೆ ಕೇಳುವುದರಲ್ಲಿ ತಪ್ಪೇನಿದೆ? ತಲೆಯ ಬಳಿ ನಿಂತು ಕೈ ಹಿಡಿದುಕೊಂಡವರು ಸುಮ್ಮನೆ ನಿಲ್ಲಬಾರದು, ಮಾತಾಡಿಸುತ್ತಿರಬೇಕು. "ಹೆದರಬೇಡ, ಹೆದರಬೇಡ" ಎನ್ನುವುದು ಮಾತಲ್ಲ; ಅದು ಹೆದರಿಕೆಯನ್ನೇ ನೆನಪಿಗೆ ತರುತ್ತದೆ. ಹೌದು ಅಲ್ಲ ಎನ್ನುವುದಕ್ಕಾಗದ, ಲೆಕ್ಕ ಹಾಕಿ ಉತ್ತರ ಹೇಳಬೇಕಾದ ಪ್ರಶ್ನೆ ಕೇಳಬೇಕು. ಉಸಿರನ್ನು ನಿಧಾನವಾಗಿ ಎಳೆದು, ಅದಕ್ಕಿಂತ ನಿಧಾನವಾಗಿ ಬಿಡುವಂತೆ ಹೇಳಬೇಕು. ಕನ್ನಡಕದ ಒಳಗಿನ ದನಿಯೂ ಅನೇಕ ಕಡೆ ಇದನ್ನೇ ಹೇಳಿಸುತ್ತದೆ.

ಮನೆಯ ಗಂಡಸರಿಗೂ ಒಂದು ಮಾತು. ಹೆಂಡತಿಯನ್ನು ಆಸ್ಪತ್ರೆಯ ಗೇಟಿನ ಹತ್ತಿರ ಇಳಿಸಿ ಸಂತೆಗೆ ಹೋಗುವುದು ಆ ದಿನ ಬೇಡ. ವಾಪಸ್ಸು ಬರುವಾಗ ಬೈಕಿನ ಹಿಂದೆ ಕೂರಿಸಿಕೊಂಡು ಗುಂಡಿ ಹತ್ತಿಸುವುದೂ ಬೇಡ.

ಆ ರೇಷ್ಮೆ ಮನೆಯ ತಾಯಿಯ ಮಾತು ಅರ್ಧಕ್ಕೆ ನಿಂತಿತ್ತು. ಎಂಟು ತಿಂಗಳ ಮೇಲೆ ಸೊಸೆಗೆ ಚೀಟಿ ಸಿಕ್ಕಿತು. ಮನೆಯಲ್ಲಿ ಒಂದು ಜಗಳವೇ ಆಗಿ, ಕೊನೆಗೆ ಬೇರೊಂದು ಆಸ್ಪತ್ರೆಗೆ ಹೋದರು. ಅಲ್ಲಿಯ ಡಾಕ್ಟರಮ್ಮ ಮೊದಲು ಕೂರಿಸಿ ಹೋದ ಸಲ ಏನಾಯಿತೆಂದು ಕೇಳಿದರು. ಮಾತ್ರೆ ಕೊಟ್ಟು ಒಂದು ಗಂಟೆ ಹೊರಗೆ ಕೂರಿಸಿದರು. ಚುಚ್ಚುಮದ್ದು ಕೊಟ್ಟರು. ಸೊಸೆಯನ್ನು ಒಳಗೆ ಬಿಟ್ಟರು. ವಯಸ್ಸಾದ ಒಬ್ಬ ನರ್ಸಮ್ಮ ತಲೆಯ ಹತ್ತಿರ ನಿಂತು, "ಏನಮ್ಮ, ಎಷ್ಟು ಮೊಟ್ಟೆ ಮೇಯಿಸುತ್ತಿದ್ದೀರಿ?" ಎಂದರು. "ನೂರು ಮೊಟ್ಟೆ ತಾಯಿ. ನಾಲ್ಕನೇ ಜ್ವರ ಎದ್ದಿದೆ." "ಸೊಪ್ಪು ಸಾಕಾಗುತ್ತದೆಯೇ? ದಿನಕ್ಕೆ ಎಷ್ಟು ಹೊರೆ ಬೇಕು?" ಈ ತಾಯಿ ಲೆಕ್ಕ ಹಾಕತೊಡಗಿದರು. ತೋಟ ಎಷ್ಟು ಗುಂಟೆ, ಪಕ್ಕದವರಿಂದ ಎಷ್ಟು ಹೊರೆ ಕೊಳ್ಳಬೇಕು, ಚಂದ್ರಿಕೆ ಎಷ್ಟು ಹೊಂದಿಸಬೇಕು. ನಡುವೆ ಒಮ್ಮೆ "ಅಮ್ಮಾ" ಎಂದರು. ನರ್ಸಮ್ಮ, "ಹೌದು, ಈಗ ಹಿಂಡುತ್ತದೆ, ಇಪ್ಪತ್ತು ಎಣಿಸುವುದರೊಳಗೆ ಬಿಡುತ್ತದೆ" ಎಂದರು, ಹಾಗೆಯೇ ಬಿಟ್ಟಿತು. ನೋವಾಗಲಿಲ್ಲವೇ ಎಂದು ನಾನು ಅವರನ್ನು ಕೇಳಿದೆ. "ಆಯಿತು, ಆಗಲಿಲ್ಲ ಅನ್ನಲಾ? ಆದರೆ ಹೋದ ಸಲದ ಹಾಗಲ್ಲ. ಅವಳು ಸೊಪ್ಪಿನ ಲೆಕ್ಕ ತಪ್ಪು ಹೇಳುತ್ತಿದ್ದಳು, ನಾನು ತಿದ್ದುತ್ತಿದ್ದೆ" ಎಂದರು.

ಪರೀಕ್ಷೆಯಲ್ಲಿ ಒಳಪದರದ ಕ್ಯಾನ್ಸರ್ ಎಂದು ಬಂತು. ಬೆಂಗಳೂರಿನಲ್ಲಿ ಗರ್ಭಕೋಶ ತೆಗೆದರು. ಕಿರಣ ಚಿಕಿತ್ಸೆಯೂ ಆಯಿತು. ಎಂಟು ತಿಂಗಳ ಮುಂಚೆ ಬಂದಿದ್ದರೆ ಕಿರಣ ಚಿಕಿತ್ಸೆ ಬೇಕಾಗುತ್ತಿರಲಿಲ್ಲವೇನೋ ಎಂದು ಅಲ್ಲಿಯ ಡಾಕ್ಟರರು ಹೇಳಿದರಂತೆ. ಈಗ ಆ ತಾಯಿ ಹುಳು ಮೇಯಿಸುತ್ತಿದ್ದಾರೆ, ಮೊದಲಿನಷ್ಟಲ್ಲ, ಐವತ್ತು ಮೊಟ್ಟೆ.

ಪರೀಕ್ಷೆ ಮುಗಿದ ಮೇಲೆ ಹತ್ತು ಹದಿನೈದು ನಿಮಿಷ ಮಲಗಿಯೇ ಇದ್ದು, ಆಮೇಲೆ ನಿಧಾನವಾಗಿ ಏಳಬೇಕು. ಒಂದೆರಡು ದಿನ ಮುಟ್ಟಿನಂತೆ ಹೊಟ್ಟೆನೋವು, ಸ್ವಲ್ಪ ರಕ್ತ ಕಾಣುವುದು ಸಹಜ. ಜ್ವರ ಬಂದರೆ, ದುರ್ವಾಸನೆಯ ಸ್ರಾವವಾದರೆ, ಗಂಟೆಗೊಂದು ಬಟ್ಟೆ ನೆನೆಯುವಷ್ಟು ರಕ್ತ ಹೋದರೆ, ಮಾತ್ರೆಗೂ ಬಗ್ಗದೆ ನೋವು ಏರುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ವರದಿ ಯಾವ ದಿನ ಬರುವುದೆಂದು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಆ ಚೀಟಿಯನ್ನು ದೇವರ ಗೂಡಿನ ಹಿಂದೆ ಸಿಕ್ಕಿಸದೆ, ಮನೆಯವರೆಲ್ಲರಿಗೂ ಕಾಣುವಂತೆ ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿ.